ವಿದೇಶ ಅಧ್ಯಯನ ಪ್ರವಾಸ: ಮೊದಲು ಪ್ರಶ್ನೆ, ಆಮೇಲೆ ಟಿಕೆಟ್

ತಂತ್ರಜ್ಞಾನ ಉದ್ಯಮಶೀಲತೆ ಕಲಿಸುವ ವಿಭಾಗಗಳು ವಿದೇಶ ಪ್ರವಾಸ ಎಂದ ಕೂಡಲೇ ಊರು ಗೊತ್ತುಮಾಡುತ್ತವೆ, ವಿಮಾನ ಹುಡುಕುತ್ತವೆ, ಹೋಟೆಲ್ ಹಿಡಿಯುತ್ತವೆ. ಅಲ್ಲಿ ಯಾರನ್ನು, ಯಾಕೆ ಕಾಣಬೇಕು ಅನ್ನುವುದು ಕೊನೆಯ ತಿಂಗಳಿಗೆ ಉಳಿಯುತ್ತದೆ. ಹಾಗೆ ಹೊರಟ ತಂಡಕ್ಕೆ ಸಿಗುವುದು ದೊಡ್ಡ ಕಂಪನಿಯ ಸಂಪರ್ಕಾಧಿಕಾರಿ ತೋರಿಸುವ ಸ್ಲೈಡುಗಳು, ಕಟ್ಟಡದ ಸುತ್ತ ಒಂದು ಓಡಾಟ, ಫಲಕದ ಮುಂದೆ ಗುಂಪು ಫೋಟೊ. ಆ ಸ್ಲೈಡುಗಳಲ್ಲಿರುವ ಬಹುಪಾಲು ಸಂಗತಿ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಆದ್ದರಿಂದ ಕೆಲಸದ ಕ್ರಮವನ್ನೇ ತಿರುಗಿಸಿಕೊಳ್ಳಿ.

ಹೊರಡುವ ಆರು ತಿಂಗಳ ಮೊದಲು ಪ್ರತಿ ತಂಡವೂ ತನ್ನ ಉದ್ಯಮದ ಯೋಜನೆಯಲ್ಲಿ ಇನ್ನೂ ಊಹೆಯಾಗಿಯೇ ಇರುವ ಐದು ಸಂಗತಿಗಳನ್ನು ಬರೆದುಕೊಡಲಿ. 'ಆಸ್ಪತ್ರೆಗಳು ಈ ಸೆನ್ಸರನ್ನು ಬಾಡಿಗೆಗೆ ತೆಗೆದುಕೊಳ್ಳುತ್ತವೆ', 'ಈ ಸರ್ಕ್ಯೂಟ್ ಬೋರ್ಡನ್ನು ಸಾವಿರದ ಲೆಕ್ಕದಲ್ಲಿ ಮಾಡಿಸಿದರೆ ಬೆಲೆ ಅರ್ಧಕ್ಕಿಳಿಯುತ್ತದೆ', ಇಂಥವು. ಫೋನಿನಲ್ಲೇ ಬಗೆಹರಿಯುವಂಥವನ್ನು ಹೊಡೆದುಹಾಕಿ. ಕಣ್ಣಾರೆ ನೋಡದೆ, ಎದುರು ಕೂತು ಕೇಳದೆ ತಿಳಿಯದ್ದು ಯಾವುದು ಉಳಿಯುತ್ತದೋ ಅದೇ ಪ್ರವಾಸದ ಕಾರಣ. ಏನೂ ಉಳಿಯದಿದ್ದರೆ ಆ ತಂಡಕ್ಕೆ ಈ ವರ್ಷ ಪ್ರವಾಸ ಬೇಡ. ಇದನ್ನು ಮುಖಕ್ಕೆ ಹೇಳುವುದು ಕಷ್ಟ, ಆದರೂ ಹೇಳಬೇಕು.

ಊರು ಮತ್ತು ದಿನಾಂಕ

ಯಂತ್ರಾಂಶ ಮಾಡುವವರಿಗೆ ಚೀನಾದ ಶೆನ್‌ಝೆನ್‌ಗೆ ಸಮನಾದ ಊರು ಇನ್ನೊಂದಿಲ್ಲ. ಅಲ್ಲಿನ ಹುವಾಚಿಯಾಂಗ್‌ಬೇ ಮಾರುಕಟ್ಟೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಮಹಡಿ ಮಹಡಿಗೂ ತುಂಬಿಕೊಂಡಿವೆ. ಎರಡು ಪದರದ ಸರ್ಕ್ಯೂಟ್ ಬೋರ್ಡನ್ನು ಒಂದೆರಡು ದಿನದಲ್ಲಿ ಮಾಡಿಕೊಡುವ ಕಾರ್ಖಾನೆಗಳೂ ಅಲ್ಲಿವೆ. ಮೊದಲ ದಿನವೇ ಬೋರ್ಡಿಗೆ ಆರ್ಡರ್ ಕೊಟ್ಟು ಐದನೇ ದಿನ ಕೈಗೆ ತೆಗೆದುಕೊಳ್ಳುವಂತೆ ಕಾರ್ಯಕ್ರಮ ಹೆಣೆದರೆ, ತರಗತಿಯಲ್ಲಿ ಒಂದು ಸೆಮಿಸ್ಟರ್ ಹೇಳಿದರೂ ತಲೆಗಿಳಿಯದ ಪೂರೈಕೆಯ ಪಾಠ ಕೈಯಲ್ಲೇ ಕೂರುತ್ತದೆ. ಸರ್ಕಾರಕ್ಕೆ ತಂತ್ರಾಂಶ ಮಾರಬೇಕೆನ್ನುವವರು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ಹೋಗಲಿ. ಎಸ್ಟೋನಿಯಾ 2014ರಿಂದ ವಿದೇಶಿಯರಿಗೆ ಇ-ರೆಸಿಡೆನ್ಸಿ (ಅಲ್ಲಿನ ಸೇವೆಗಳನ್ನು ದೂರದಿಂದಲೇ ಬಳಸಲು ಸರ್ಕಾರ ಕೊಡುವ ಡಿಜಿಟಲ್ ಗುರುತು) ಕೊಡುತ್ತಿದೆ, ಅಲ್ಲಿನ ಸರ್ಕಾರಿ ಸೇವೆಗಳು ಬಹುಪಾಲು ಆನ್‌ಲೈನ್‌ನಲ್ಲೇ ನಡೆಯುತ್ತವೆ. ಸ್ವಂತ ಮಾರುಕಟ್ಟೆ ಚಿಕ್ಕದಾದಾಗ ಮೊದಲ ದಿನದಿಂದಲೇ ಹೊರದೇಶಕ್ಕೆ ಮಾರುವುದು ಹೇಗೆ ಎಂದು ನೋಡಲು ಸಿಂಗಪುರದಲ್ಲಿ ನವೋದ್ಯಮಗಳು ಸೇರಿರುವ ಬ್ಲಾಕ್ 71 ಒಳ್ಳೆಯ ಜಾಗ. ಸಿಲಿಕಾನ್ ವ್ಯಾಲಿಗೆ ಎಲ್ಲರಿಗೂ ಹೋಗುವ ಆಸೆ. ಆದರೆ ಮೆನ್ಲೊ ಪಾರ್ಕಿನ ಸ್ಯಾಂಡ್ ಹಿಲ್ ರಸ್ತೆಯ ಹೂಡಿಕೆದಾರರ ಮುಂದೆ ಕೂರಬೇಕಾದವರು ಈಗಾಗಲೇ ಏನಾದರೂ ಮಾರಿದ ತಂಡಗಳು ಮಾತ್ರ. ಉಳಿದವರಿಗೆ ಅಲ್ಲಿ ಸಿಗುವುದು ಸೌಜನ್ಯದ ಮಾತು.

ಒಂಬತ್ತು ದಿನದ ಪ್ರವಾಸಕ್ಕೆ ಒಂದೇ ಊರು ಸಾಕು. ಎರಡಾದರೆ ರೈಲಿನಲ್ಲಿ ಮೂರು ಗಂಟೆಯೊಳಗಿನ ದೂರದಲ್ಲಿರಲಿ.

ದಿನಾಂಕ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಆಗಸ್ಟ್‌ನಲ್ಲಿ ಯುರೋಪಿನ ಬಹಳಷ್ಟು ಕಚೇರಿಗಳು ಅರ್ಧ ಖಾಲಿ. ಚೀನಾದಲ್ಲಿ ಚಾಂದ್ರಮಾನ ಹೊಸವರ್ಷದ ಹಿಂದುಮುಂದು ಎರಡು ವಾರ ಮತ್ತು ಅಕ್ಟೋಬರ್ ಮೊದಲ ವಾರ ಕಾರ್ಖಾನೆಗಳು ಸಿಗುವುದಿಲ್ಲ. ಅಮೆರಿಕದಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರ ಬಿಡಿ. ನವೋದ್ಯಮಗಳ ದೊಡ್ಡ ಸಮ್ಮೇಳನಗಳಾದ ಹೆಲ್ಸಿಂಕಿಯ ಸ್ಲಷ್, ಲಿಸ್ಬನ್‌ನ ವೆಬ್ ಸಮಿಟ್ ಎರಡೂ ನವೆಂಬರಿನಲ್ಲಿ ನಡೆಯುತ್ತವೆ. ಆ ದಿನಗಳಲ್ಲಿ ಸ್ಥಾಪಕರೆಲ್ಲ ಊರಲ್ಲೇ ಇದ್ದರೂ ಯಾರಿಗೂ ಹತ್ತು ನಿಮಿಷ ಬಿಡುವಿರುವುದಿಲ್ಲ, ಹೋಟೆಲ್ ದರವೂ ಏರಿರುತ್ತದೆ. ಹೋಗುವುದೇ ಆದರೆ ಭೇಟಿಗಳನ್ನು ಸಮ್ಮೇಳನಕ್ಕೆ ಎರಡು ದಿನ ಮೊದಲೇ ಮುಗಿಸಿಕೊಳ್ಳಿ.

ಪಾಸ್‌ಪೋರ್ಟ್, ವೀಸಾ

ಟಿಕೆಟ್ ಕೊಳ್ಳುವ ಮೊದಲು ಎಲ್ಲರ ಪಾಸ್‌ಪೋರ್ಟ್ ಪುಟದ ಪ್ರತಿ ತರಿಸಿಕೊಳ್ಳಿ. ಒಂದೇ ತರಗತಿಯಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇರುವವರಿದ್ದರೆ ಒಬ್ಬರಿಗೆ ವೀಸಾ ಬೇಕು, ಪಕ್ಕದವರಿಗೆ ಬೇಡ ಎಂದಾಗುತ್ತದೆ. ಪ್ರವಾಸದ ದಿನಾಂಕವನ್ನು ಎಲ್ಲರಿಗಿಂತ ತಡವಾಗಿ ವೀಸಾ ಸಿಗುವವರ ಲೆಕ್ಕಕ್ಕೆ ಹೊಂದಿಸಿ.

ಷೆಂಗನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. ವೀಸಾ ಅರ್ಜಿಯ ಜೊತೆ ಕನಿಷ್ಠ 30,000 ಯುರೋ ರಕ್ಷಣೆಯ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು 6 ತಿಂಗಳ ಮೊದಲಿನಿಂದ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಎರಡು ದೇಶಕ್ಕೆ ಹೋಗುವವರು ಹೆಚ್ಚು ದಿನ ಉಳಿಯುವ ದೇಶದ ಕಡೆಗೇ ಅರ್ಜಿ ಹಾಕಬೇಕು. ಬೇಗ ಅಪಾಯಿಂಟ್‌ಮೆಂಟ್ ಸಿಕ್ಕಿತೆಂದು ಇನ್ನೊಂದರ ಕಡೆ ಹಾಕಿದರೆ ಅರ್ಜಿ ವಾಪಸಾಗಬಹುದು. ಶೆನ್‌ಝೆನ್‌ನಿಂದ ಒಂದು ದಿನ ಹಾಂಗ್‌ಕಾಂಗ್ ನೋಡಿ ಮರಳುವ ಯೋಜನೆಯಿದ್ದರೆ ಚೀನಾದ ಒಂದೇ ಪ್ರವೇಶದ ವೀಸಾ ಸಾಲದು, ಎರಡು ಪ್ರವೇಶದ್ದು ಬೇಕು. ಅದು ಗಡಿಯಲ್ಲಿ ಗೊತ್ತಾದರೆ ವಿದ್ಯಾರ್ಥಿ ಆಚೆಯೇ ಉಳಿಯಬೇಕಾಗುತ್ತದೆ.

ಆತಿಥೇಯರ ಆಹ್ವಾನಪತ್ರದಲ್ಲಿ ಪ್ರತಿಯೊಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ದಿನಾಂಕ, ಉದ್ದೇಶ, ಖರ್ಚು ಯಾರದು ಎನ್ನುವುದೂ ಇರಲಿ. 'ತರಬೇತಿ', 'ಇಂಟರ್ನ್‌ಶಿಪ್' ಎಂಬ ಪದಗಳನ್ನು ಅಂದಕ್ಕೆ ಬಳಸಬೇಡಿ. ಮಾಡುವುದು ಬರಿಯ ಭೇಟಿಯಾಗಿದ್ದರೆ ಭೇಟಿ ಎಂದೇ ಬರೆಯಿರಿ. ಅಲ್ಲಿನ ವಿಶ್ವವಿದ್ಯಾಲಯ ಕ್ರೆಡಿಟ್ ಕೊಡುವುದಾದರೆ ಪ್ರವಾಸಿ ವೀಸಾ ಸಾಲದಿರಬಹುದು, ಅವರ ಅಂತರರಾಷ್ಟ್ರೀಯ ವಿಭಾಗವನ್ನು ಮೊದಲೇ ಕೇಳಿ.

ಭೇಟಿ ಗಿಟ್ಟಿಸುವುದು

ಹತ್ತು ಭೇಟಿ ಬೇಕಿದ್ದರೆ ಮೂವತ್ತೈದು ಜನರಿಗೆ ಬರೆಯಿರಿ, ಹದಿನಾರು ವಾರ ಮೊದಲು. ಕಂಪನಿಯ ಸಾಮಾನ್ಯ ವಿಳಾಸಕ್ಕೆ ಹೋದ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಹತ್ತರಿಂದ ಅರವತ್ತು ಜನ ಕೆಲಸ ಮಾಡುವ ಕಂಪನಿಗಳನ್ನು ಆರಿಸಿ, ಅಲ್ಲಿನ ಉತ್ಪನ್ನ ವ್ಯವಸ್ಥಾಪಕರಿಗೋ ಎಂಜಿನಿಯರಿಂಗ್ ಮುಖ್ಯಸ್ಥರಿಗೋ ಹೆಸರು ಹಿಡಿದು ಬರೆಯಿರಿ. ಬರೆಯುವವರು ವಿದ್ಯಾರ್ಥಿಗಳೇ ಆಗಿರಲಿ. ಪತ್ರ ಇಷ್ಟುದ್ದ ಸಾಕು:

'ನಾವು ಆರು ಜನ ವಿದ್ಯಾರ್ಥಿಗಳು ಶೀತಲ ಗೋದಾಮುಗಳ ಉಷ್ಣಾಂಶ ಅಳೆಯುವ ಸಾಧನ ಮಾಡುತ್ತಿದ್ದೇವೆ. ನೀವು ಇಂಥದ್ದೇ ಸಾಧನವನ್ನು ಮೊದಲು ಮಾರುವ ಕ್ರಮದಲ್ಲಿ, ಆಮೇಲೆ ಚಂದಾ ಕ್ರಮದಲ್ಲಿ ಕೊಟ್ಟಿದ್ದೀರಿ. ಆ ಬದಲಾವಣೆ ಯಾಕೆ ಬೇಕಾಯಿತು, ಹಳೆಯ ಗ್ರಾಹಕರು ಏನಂದರು ಎಂದು ಕೇಳಲು 12ರಿಂದ 14ನೇ ತಾರೀಕಿನೊಳಗೆ 50 ನಿಮಿಷ ಕೊಡಬಹುದೇ? ಸ್ಲೈಡು, ಉಪಚಾರ ಯಾವುದೂ ಬೇಡ. ಪ್ರಶ್ನೆಗಳನ್ನು ವಾರ ಮೊದಲೇ ಕಳಿಸುತ್ತೇವೆ.'

'ನಿಮ್ಮ ಕಂಪನಿಗೆ ಭೇಟಿ ನೀಡಿ ಸ್ಫೂರ್ತಿ ಪಡೆಯಲು ಬಯಸುತ್ತೇವೆ' ಎಂದು ಬರೆದರೆ ಓದಿದವರಿಗೆ ತಾವೇನು ಮಾಡಬೇಕೆಂದೇ ತಿಳಿಯುವುದಿಲ್ಲ. ಏಳು ದಿನ ಬಿಟ್ಟು ಒಮ್ಮೆ, ಮತ್ತೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೆನಪಿಸಿ, ಅಲ್ಲಿಗೆ ನಿಲ್ಲಿಸಿ. ಒಪ್ಪಿದವರಿಂದ ಅದೇ ಕಂಪನಿಯ ಇನ್ನೊಬ್ಬರ ಹೆಸರನ್ನೂ ಪಡೆದಿಟ್ಟುಕೊಳ್ಳಿ. ಒಪ್ಪಿದ ವ್ಯಕ್ತಿ ಆ ವಾರ ಬೇರೆ ಊರಿಗೆ ಹೋಗಿಬಿಟ್ಟರೆ ಬಾಗಿಲಲ್ಲಿ ನಿಂತ ತಂಡ ಯಾರಿಗೂ ಗೊತ್ತಿರುವುದಿಲ್ಲ. ಎರಡು ವಾರ ಮೊದಲು ಒಮ್ಮೆ, 48 ಗಂಟೆ ಮೊದಲು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.

ಹದಿನೆಂಟು ವಿದ್ಯಾರ್ಥಿಗಳು, ಮೂವರು ಅಧ್ಯಾಪಕರು ಎಂಬ ಲೆಕ್ಕ ಚೆನ್ನಾಗಿ ಕೂರುತ್ತದೆ. ಆರಾರು ಜನರ ಮೂರು ಗುಂಪುಗಳು ಒಂದೇ ಹೊತ್ತಿಗೆ ಮೂರು ಬೇರೆ ಕಂಪನಿಗಳಿಗೆ ಹೋಗಲಿ. ಸಣ್ಣ ಕಂಪನಿಯ ಸಭಾಕೊಠಡಿಯಲ್ಲಿ ಎಂಟು ಕುರ್ಚಿ ಇದ್ದರೆ ಹೆಚ್ಚು. ಇಪ್ಪತ್ತು ಜನ ಒಳಹೊಕ್ಕರೆ ಅದು ಭಾಷಣವಾಗುತ್ತದೆ, ಆರು ಜನ ಕೂತರೆ ಮಾತುಕತೆಯಾಗುತ್ತದೆ.

ದಿನಚರಿ

ದಿನಕ್ಕೆ ಎರಡೇ ಭೇಟಿ, ಹತ್ತಕ್ಕೊಂದು, ಎರಡೂವರೆಗೊಂದು. ಮೂರನೆಯದನ್ನು ಸೇರಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದರೆ ಎರಡನೆಯದಕ್ಕೆ ತಡವಾಗುತ್ತದೆ, ಮೂರನೆಯದರಲ್ಲಿ ನಿದ್ದೆ ಬರುತ್ತದೆ. ದೇಹ ಹೊಸ ಸಮಯಕ್ಕೆ ಒಗ್ಗುವುದು ಸುಮಾರು ದಿನಕ್ಕೊಂದು ಗಂಟೆಯಂತೆ. ಎಂಟು ಗಂಟೆಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಖ್ಯವಾದ ಭೇಟಿಗಳನ್ನು ನಾಲ್ಕನೇ ದಿನದಿಂದಾಚೆಗೆ ಇಡಿ. ಸಿಲಿಕಾನ್ ವ್ಯಾಲಿ ಅಂದರೆ ಒಂದು ಊರಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೊಸೆವರೆಗೆ ಸುಮಾರು 80 ಕಿಲೋಮೀಟರ್, ಬೆಳಗಿನ ಹೊತ್ತು 101ನೇ ಹೆದ್ದಾರಿ ತುಂಬಿರುತ್ತದೆ. ಪಾಲೊ ಆಲ್ಟೊ, ಮೆನ್ಲೊ ಪಾರ್ಕಿನ ಭೇಟಿಗಳನ್ನೆಲ್ಲ ಒಂದೇ ದಿನಕ್ಕೆ ಕಟ್ಟಿ, ಅಲ್ಲಿನ ಸ್ಥಳೀಯ ರೈಲು ಕ್ಯಾಲ್‌ಟ್ರೇನ್ ಹಿಡಿಯಿರಿ. ಪಾಲೊ ಆಲ್ಟೊದ ಆಡಿಸನ್ ಅವೆನ್ಯೂ 367ರಲ್ಲಿರುವ ಎಚ್‌ಪಿ ಗ್ಯಾರೇಜನ್ನು (ಆ ಕಂಪನಿ ಶುರುವಾದ ಜಾಗ) ಪಾದಚಾರಿ ದಾರಿಯಿಂದಷ್ಟೇ ನೋಡಬಹುದು. ಹತ್ತು ನಿಮಿಷ ಸಾಕು, ಅದಕ್ಕೆ ಬಸ್ ತಿರುಗಿಸಬೇಡಿ.

ಎದುರು ಕೂತಾಗ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಐ-ಕೋರ್ ಕಾರ್ಯಕ್ರಮದಲ್ಲಿ ಪ್ರತಿ ತಂಡವೂ ಏಳು ವಾರದಲ್ಲಿ ಕನಿಷ್ಠ 100 ಗ್ರಾಹಕರನ್ನು ಸಂದರ್ಶಿಸಬೇಕು. ಒಂಬತ್ತು ದಿನದಲ್ಲಿ ಒಂದು ತಂಡಕ್ಕೆ ಹತ್ತೋ ಹನ್ನೆರಡೋ ಆದರೆ ಹೆಚ್ಚು. ಹಾಗಾಗಿ ಹೊರಡುವ ಮೊದಲೇ ವಿಡಿಯೊ ಕರೆಯಲ್ಲಿ ಹದಿನೈದು ಮುಗಿಸಿರಲಿ. ಅಲ್ಲಿಗೆ ಹೋಗಿ ಮೊದಲ ಪಾಠದ ಪ್ರಶ್ನೆ ಕೇಳುತ್ತ ಕೂರಬಾರದು.

ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಉಳಿದವರು ಕೊನೆಯ ಹದಿನೈದು ನಿಮಿಷದವರೆಗೆ ಬಾಯಿ ಮುಚ್ಚಿಕೊಂಡಿರಲಿ. 'ಇಂಥದ್ದು ಬಂದರೆ ಕೊಳ್ಳುತ್ತೀರಾ?' ಎಂದು ಕೇಳಿದರೆ ಎದುರಿನವರು ಮನಸ್ಸು ನೋಯಿಸಲಾರದೆ ಹೌದು ಅನ್ನುತ್ತಾರೆ. 'ಈ ತೊಂದರೆ ಕೊನೆಯ ಸಲ ಬಂದಾಗ ಏನು ಮಾಡಿದಿರಿ? ಎಷ್ಟು ಖರ್ಚಾಯಿತು? ಆ ಬಿಲ್ಲಿಗೆ ಸಹಿ ಹಾಕಿದ್ದು ಯಾರು?' ಎಂದು ಕೇಳಿ. ಮೂರನೇ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ನಿಜವಾದ ಗ್ರಾಹಕ ಯಾರೆಂದು ಗೊತ್ತಾಗುವುದು.

ಕಾರ್ಖಾನೆಯಲ್ಲಿ ಹೊಳೆಯುವ ಯಂತ್ರಗಳ ಮುಂದೆ ನಿಲ್ಲುವ ಬದಲು, ಸಾಲಿನ ಕೊನೆಯ ದುರಸ್ತಿ ಮೇಜನ್ನು ಹುಡುಕಿ. ಅಲ್ಲಿ ಎಷ್ಟು ಜನ ಬೆಸುಗೆ ಕಡ್ಡಿ ಹಿಡಿದು ಕೂತಿದ್ದಾರೆ, ತಿರಸ್ಕೃತ ಬೋರ್ಡುಗಳ ತಟ್ಟೆ ಎಷ್ಟು ತುಂಬಿದೆ, ಒಂದೊಂದರ ಮೇಲೂ ದೋಷದ ಚೀಟಿ ಅಂಟಿಸಿದ್ದಾರೋ ಇಲ್ಲವೋ ನೋಡಿ. ಚೀಟಿ ಇಲ್ಲದಿದ್ದರೆ ಅದೇ ತಪ್ಪು ಮುಂದಿನ ಸಾವಿರದಲ್ಲೂ ಬರಬಹುದು. ಬೆಲೆಯನ್ನು 100, 1,000, 10,000 ಮೂರಕ್ಕೂ ಬೇರೆ ಬೇರೆ ಕೇಳಿ, ವ್ಯತ್ಯಾಸ ಎಲ್ಲಿಂದ ಬಂತೆಂದು ಬಿಡಿಸಿ ಹೇಳಲು ಕೇಳಿ: ಅಚ್ಚಿನ ಖರ್ಚೇ, ಬೋರ್ಡನ್ನು ಹಿಡಿದಿಟ್ಟು ಪರೀಕ್ಷಿಸುವ ಜಿಗ್ಗಿನದೇ, ಬಿಡಿಭಾಗದ್ದೇ?

ಅನುಮತಿಯಿಲ್ಲದೆ ಮಾತು ಧ್ವನಿಮುದ್ರಿಸಬೇಡಿ. ಖಾಸಗಿ ಮಾತುಕತೆಯ ಧ್ವನಿಮುದ್ರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರ ಒಪ್ಪಿಗೆಯೂ ಬೇಕೆಂಬ ಕಾನೂನಿದೆ. ಕಾಗದ, ಪೆನ್ನು ಸಾಕು.

ಬಾಯಿ ಬಿಟ್ಟರೆ ಪೇಟೆಂಟ್ ಹೋಗಬಹುದು

ಇದನ್ನು ಮರೆಯುವ ಅಧ್ಯಾಪಕರು ಬಹಳ, ನಷ್ಟವಾಗುವುದು ವಿದ್ಯಾರ್ಥಿಗೆ. ಯುರೋಪಿನ ಪೇಟೆಂಟ್ ಪದ್ಧತಿಯಲ್ಲಿ ಅರ್ಜಿಗೆ ಮೊದಲು ಆವಿಷ್ಕಾರವನ್ನು ಸಾರ್ವಜನಿಕವಾಗಿ ಹೇಳಿಬಿಟ್ಟರೆ ಅದು ಹೊಸದಲ್ಲವೆಂದೇ ಲೆಕ್ಕ. ಹೇಳಿದ್ದು ಸ್ವತಃ ಆವಿಷ್ಕರಿಸಿದವರೇ ಆದರೂ ಅಷ್ಟೇ. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ. ಸಮ್ಮೇಳನದ ವೇದಿಕೆಯ ಮೇಲಿನ ಮೂರು ನಿಮಿಷದ ಪಿಚ್ (ಹೂಡಿಕೆದಾರರಿಗೆ ಉದ್ಯಮವನ್ನು ಪರಿಚಯಿಸುವ ಮಾತು) ಕೂಡ ಸಾರ್ವಜನಿಕವೇ. ಹೊರಡುವ ಮೊದಲು ಒಂದು ದೇಶದಲ್ಲಾದರೂ ಅರ್ಜಿ ಹಾಕಿದ್ದರೆ ಪ್ಯಾರಿಸ್ ಒಪ್ಪಂದದ ಪ್ರಕಾರ 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲೂ ಅದೇ ದಿನಾಂಕದ ಆದ್ಯತೆ ಕೇಳಬಹುದು. ಹಾಕಿಲ್ಲದವರು ಸಾಧನ ಏನು ಮಾಡುತ್ತದೆ ಎಂದಷ್ಟೇ ಹೇಳಲಿ, ಹೇಗೆ ಮಾಡುತ್ತದೆ ಎಂದು ಹೇಳದಿರಲಿ.

ಹಾಗೆಯೇ, ಸ್ವಾಗತ ಮೇಜಿನ ಟ್ಯಾಬ್ಲೆಟ್ಟಿನಲ್ಲಿ ಹೆಸರು ಹಾಕಿಸಿಕೊಳ್ಳುವಾಗ ಗೌಪ್ಯತಾ ಒಪ್ಪಂದಕ್ಕೂ ಸಹಿ ಮಾಡಿಸಿಕೊಳ್ಳುವುದುಂಟು. ಅದರ ಪಠ್ಯವನ್ನು ವಾರ ಮೊದಲೇ ತರಿಸಿ ಓದಿಸಿ. ಭೇಟಿಯಲ್ಲಿ ಕೊಟ್ಟ ಸಲಹೆಗಳೆಲ್ಲ ಕಂಪನಿಯ ಸ್ವತ್ತು ಎಂಬ ಸಾಲು ಇದ್ದರೆ ತೆಗೆಸಿ, ಇಲ್ಲವೆ ಆ ಭೇಟಿ ಬಿಡಿ.

ಸಾಮಾನು, ಸಂಪರ್ಕ

ಪವರ್‌ಬ್ಯಾಂಕು, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಒಂದೊಂದೂ 100 ವ್ಯಾಟ್-ಗಂಟೆ ಮೀರಬಾರದು, ಅಂದರೆ 3.7 ವೋಲ್ಟಿನ ಲೆಕ್ಕದಲ್ಲಿ ಸುಮಾರು 27,000 ಮಿಲಿಆಂಪ್-ಗಂಟೆ. 160ರವರೆಗೆ ವಿಮಾನಯಾನ ಕಂಪನಿಯ ಅನುಮತಿ ಬೇಕು. ಚೀನಾದ ಒಳನಾಡಿನ ವಿಮಾನಗಳಲ್ಲಿ 2025ರ ಜೂನ್ 28ರಿಂದ 3ಸಿ ಗುರುತು (ಚೀನಾದ ಸುರಕ್ಷತಾ ಪ್ರಮಾಣದ ಮುದ್ರೆ) ಇಲ್ಲದ ಪವರ್‌ಬ್ಯಾಂಕನ್ನು ಬಿಡುವುದಿಲ್ಲ. ತಂತಿ ಹೊರಚಾಚಿದ ಮಾದರಿ ಸಾಧನವಿದ್ದರೆ ಬ್ಯಾಟರಿ ಬಿಚ್ಚಿ, ತುದಿಗಳಿಗೆ ಟೇಪು ಸುತ್ತಿ, ಅದು ಏನೆಂದು ವಿಶ್ವವಿದ್ಯಾಲಯದ ಪತ್ರವನ್ನು ಜೊತೆಗಿಡಿ.

ಚೀನಾದ ಸ್ಥಳೀಯ ಇಂಟರ್ನೆಟ್ಟಿನಲ್ಲಿ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ನಕ್ಷೆ, ಸ್ಲೈಡು, ದೂರವಾಣಿ ಪಟ್ಟಿ ಎಲ್ಲವನ್ನೂ ಫೋನಿಗೆ ಇಳಿಸಿಕೊಂಡಿರಿ. ಹಣ ಪಾವತಿಗೆ ಬಳಸುವ ಅಲಿಪೇ ಅಥವಾ ವೀಚಾಟ್‌ಗೆ ಕಾರ್ಡ್ ಜೋಡಿಸುವ ಕೆಲಸವನ್ನೂ ಮನೆಯಲ್ಲೇ ಮುಗಿಸಿ. ಬಜೆಟ್ಟಿನ ಹತ್ತನೇ ಒಂದು ಭಾಗವನ್ನು ಮುಟ್ಟದೆ ಇಡಿ. ಒಬ್ಬ ವಿದ್ಯಾರ್ಥಿ ಆಸ್ಪತ್ರೆ ಸೇರಿದರೆ ಜೊತೆಗೆ ಒಬ್ಬ ಅಧ್ಯಾಪಕರೂ ಉಳಿಯಬೇಕು, ಇಬ್ಬರ ಟಿಕೆಟ್ಟೂ ಬದಲಾಗಬೇಕು.

ಸಂಜೆ ಮತ್ತು ಆಮೇಲೆ

ಊಟಕ್ಕೆ ಮೊದಲೇ ತೊಂಬತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂರಿ. ಮೊದಲ ಹದಿನೈದು ನಿಮಿಷ ಮೌನವಾಗಿ ಪ್ರತಿಯೊಬ್ಬರೂ ನಾಲ್ಕು ಸಾಲು ಬರೆಯಲಿ: ಕೇಳಿದ ಒಂದು ಮಾತು ಇದ್ದ ಹಾಗೆಯೇ, ಕಂಡ ಒಂದು ವಸ್ತು, ಅಲುಗಾಡಿದ ಒಂದು ಊಹೆ, ನಾಳೆ ಬದಲಿಸಬೇಕಾದ ಒಂದು ಪ್ರಶ್ನೆ. ಆಮೇಲೆ ಮೂರು ಗುಂಪಿನವರನ್ನೂ ಬೆರೆಸಿ ಮಾತಾಡಿಸಿ. ನಾಳೆ ಬರೆಯೋಣ ಎಂದರೆ ಎರಡು ಕಂಪನಿಗಳ ಮಾತು ತಲೆಯಲ್ಲಿ ಒಂದಕ್ಕೊಂದು ಬೆರೆತುಹೋಗುತ್ತದೆ.

ಭೇಟಿಯಾದ 48 ಗಂಟೆಯೊಳಗೆ ವಿದ್ಯಾರ್ಥಿಯೇ ಧನ್ಯವಾದ ಬರೆಯಲಿ, ಅದರಲ್ಲಿ ತಾನು ಕಲಿತ ಒಂದು ಸಂಗತಿ ಇರಲಿ. ಮರಳಿದ ಹತ್ತು ದಿನದಲ್ಲಿ ಪ್ರತಿ ತಂಡ ಎರಡು ಪುಟ ಒಪ್ಪಿಸಬೇಕು: ಯಾವ ಊಹೆ ನಿಂತಿತು, ಯಾವುದು ಬಿತ್ತು, ಯೋಜನೆಯಲ್ಲಿ ಏನು ಬದಲಾಯಿತು. ಅಂಕಗಳಲ್ಲಿ 40 ಹೊರಡುವ ಮೊದಲಿನ ಸಿದ್ಧತೆಗೆ, 20 ಸಂಜೆಯ ಬರಹಕ್ಕೆ, 40 ಈ ಎರಡು ಪುಟಕ್ಕೆ. ತಿಂಗಳೊಳಗೆ ಅದರಲ್ಲೊಂದು ಪುಟವನ್ನು ಆತಿಥೇಯರಿಗೂ ಕಳಿಸಿ. ಯಾರು ಯಾವ ತಿಂಗಳಲ್ಲಿ ಸಿಗುತ್ತಾರೆ, ಯಾರು ಯಾವ ಪ್ರಶ್ನೆಗೆ ಮನಬಿಚ್ಚಿ ಮಾತಾಡಿದರು ಎಂಬ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಮುಂದಿನ ತಂಡದ ಅಧ್ಯಾಪಕರಿಗೆ ಕೊಡಿ.