ಮೂರು ಮಳೆಗಾಲ ದಾಟಿದ ಗೋಲಿ ಜಾಯಿಂಟು: ನನ್ನ ಜೀಪಿನ ಅನುಭವ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಕಲೇಶಪುರದ ಹಾನುಬಾಳು ಕಡೆಯ ತೋಟದ ದಾರಿ ಹೇಗಿರುತ್ತದೆ ಅಂತ ಅಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು. ಅಂಥ ದಾರಿಯಲ್ಲಿ ನನ್ನ ಹಳೇ ಎಂಎಂ 540 ಜೀಪು ಮೂರು ಮಳೆಗಾಲ ಮುಗಿಸಿದೆ. ಹಿಂದೆ ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗು) ಇಲ್ಲ. ಆಕ್ಸಲನ್ನು ಚಾಸಿಗೆ ಹಿಡಿಯುವ ನಾಲ್ಕು ಲಿಂಕು (ಉದ್ದ ಸರಳು), ಎರಡು ಕಾಯಿಲ್ ಸ್ಪ್ರಿಂಗು, ಪ್ರತಿ ಲಿಂಕಿನ ಒಂದು ತುದಿಗೆ ಬಳೆಯೊಳಗೆ ಎಲ್ಲ ಕಡೆ ವಾಲುವ ಉಕ್ಕಿನ ಗೋಲಿ ಜಾಯಿಂಟು. ಕಳೆದ ದೀಪಾವಳಿ ಹೊತ್ತಿಗೆ ಅಡಿಗೆ ಮಲಗಿ ಹಾರೆಯಲ್ಲಿ ಮೀಟಿ ನೋಡಿದೆ. ನಾಲ್ಕರಲ್ಲಿ ಒಂದರಲ್ಲೂ ಕೈಗೆ ತಿಳಿಯುವಷ್ಟು ಪ್ಲೇ, ಅಂದರೆ ಸಡಿಲ ಅಲುಗಾಟ, ಇಲ್ಲ. ಮಧ್ಯೆ ಒಂದೇ ಒಂದು ಬೇರಿಂಗ್ ಬದಲಾಯಿಸಿದ್ದೇನೆ, ಅದಕ್ಕೆ ಕಾರಣ ನನ್ನದೇ ತಪ್ಪು. ಅದನ್ನೂ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಶುರುವಿನಲ್ಲೇ ಹೇಳಿದ್ದರು, "ರೇಸ್ ಗಾಡಿ ಸಾಮಾನು ಕಣೋ ಅದು. ನಮ್ಮ ಕೆಸರಲ್ಲಿ ಮೂರು ತಿಂಗಳಿಗೆ ಟಕ ಟಕ ಅನ್ನುತ್ತೆ ನೋಡು." ಮೊದಲ ಎರಡು ಸಲ ಅವರ ಮಾತೇ ನಿಜವಾಯಿತು.

ಮೊದಲ ಸಲ ಪೀಣ್ಯದ ಆಟೊಮೇಶನ್ ಸಾಮಾನಿನ ಅಂಗಡಿಯಿಂದ ಎಂ 16 ರಾಡ್ ಎಂಡ್ (ಥ್ರೆಡ್ ಇರುವ ಬಾಲದ ತುದಿಗೆ ಗೋಲಿ ಜಾಯಿಂಟು) ಎಂಟು ತಂದೆ. ಏರ್ ಸಿಲಿಂಡರ್ ತುದಿಗೆ ಹಾಕುತ್ತಾರಲ್ಲ, ಅದೇ ಜಾತಿ. ಒಂದಕ್ಕೆ 400 ರೂಪಾಯಿ ಆಸುಪಾಸು. ನಾಲ್ಕೂ ಲಿಂಕಿನ ಎರಡೂ ತುದಿಗೆ ಹಾಕಿದೆ. ಖಾಲಿ ಗಾಡಿಯಲ್ಲಿ ಹೂವಿನ ಹಾಗೆ ಓಡಿತು. ಐದನೇ ವಾರ ಗೊಬ್ಬರದ ಮೂಟೆ ಹೇರಿಕೊಂಡು ಹಳ್ಳ ದಾಟುವಾಗ ಎಡಗಡೆಯ ಕೆಳಲಿಂಕು ಕಲ್ಲಿಗೆ ಕೂತಿತು, ಠಣ್ ಅಂತ ಮುರಿಯಿತು. ಆಕ್ಸಲ್ ಒಂದು ಕಡೆ ಹಿಂದಕ್ಕೆ ಹೋಯಿತು, ಪ್ರೊಪೆಲ್ಲರ್ ಶಾಫ್ಟು ಕಳಚಿ ನೀರಿಗೆ ಬಿತ್ತು. ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದಕ್ಕೆ 3,000, ಶಾಫ್ಟಿಗೆ ಇನ್ನೊಂದು 7,000 ಹೋಯಿತು.

ಮುರಿದ ತುಂಡನ್ನು ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಚೆಕ್ ನಟ್ ಕೂರುವ ಜಾಗದ ಮೊದಲನೇ ಥ್ರೆಡ್‌ನಲ್ಲೇ ಮುರಿದಿತ್ತು. ಮುಖದ ಅರ್ಧ ಕಂದು ಬಣ್ಣ, ತುಕ್ಕು ಹಿಡಿದದ್ದು. ಉಳಿದರ್ಧ ಹೊಸದು, ಸಕ್ಕರೆ ಹಾಗೆ ಕಾಳು ಕಾಳು. ಅಂದರೆ ಅವತ್ತಿನ ಕಲ್ಲು ನೆಪ ಅಷ್ಟೆ. ಎಷ್ಟೋ ದಿನದಿಂದ ಬಿರುಕು ಬಿಟ್ಟು ಒಳಗೇ ಬೆಳೆದಿತ್ತು. ರಾಡ್ ಎಂಡ್ ಎಳೆತ, ತಳ್ಳುವಿಕೆ ಚೆನ್ನಾಗಿ ತಡೆಯುತ್ತದೆ. ಬಗ್ಗಿಸಿದರೆ ಮಾತ್ರ ಸಾಯುತ್ತದೆ. ಕೆಳಲಿಂಕು ಕಲ್ಲಿಗೆ ಉಜ್ಜಿದಾಗಲೆಲ್ಲ ನಾನು ಅದನ್ನು ಬಗ್ಗಿಸುತ್ತಲೇ ಇದ್ದೆ.

ಎರಡನೇ ಸಲ ಹೊರದೇಶದಿಂದ ಮುಕ್ಕಾಲು ಇಂಚಿನ ಕ್ರೋಮೋಲಿ (ಗಟ್ಟಿ ಮಿಶ್ರ ಉಕ್ಕು) ರಾಡ್ ಎಂಡ್ ತರಿಸಿದೆ. ಒಳಗೆ ಗೋಲಿ ಜಾರಲು ಟೆಫ್ಲಾನ್ ಲೈನರ್ (ಒಳಪದರ). ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಒಂದಕ್ಕೆ 4,500 ಬಿತ್ತು ಅಂತ ನೆನಪು, ಎಂಟಕ್ಕೆ 36,000. ಮನೆಯಲ್ಲಿ ಈ ಲೆಕ್ಕ ಹೇಳಿರಲಿಲ್ಲ. ಗಟ್ಟಿತನದಲ್ಲಿ ಬೆರಳು ತೋರಿಸುವ ಹಾಗಿರಲಿಲ್ಲ, ಒಂದೂ ಮುರಿಯಲಿಲ್ಲ. ಆದರೆ ಆಗಸ್ಟ್ ಕೊನೆಗೆ ಹಿಂದಿನಿಂದ ಸದ್ದು ಶುರು. ಬಿಚ್ಚಿ ನೋಡಿದರೆ ಗೋಲಿಯ ಸುತ್ತ ಕೆಮ್ಮಣ್ಣಿನ ಪುಡಿ ಲೈನರನ್ನು ಮರಳು ಕಾಗದದ ಹಾಗೆ ಉಜ್ಜಿ ತೆಗೆದಿದೆ. ಟಾರ್ ರಸ್ತೆಗೆ, ರ‍್ಯಾಲಿ ಮುಗಿದ ಕೂಡಲೇ ಬಿಚ್ಚಿ ತೊಳೆಯುವವರಿಗೆ ಆ ಜಾತಿಗಿಂತ ಒಳ್ಳೆಯದಿಲ್ಲ. ನಮ್ಮದು ದಿನಾ ಕೆಸರು. ಟೆಫ್ಲಾನಿಗೆ ಗ್ರೀಸ್ ಹೊಡೆದು ನೋಡಿದೆ, ಇನ್ನೂ ಕೆಟ್ಟಿತು. ಗ್ರೀಸಿಗೆ ಮಣ್ಣು ಅಂಟಿಕೊಂಡು ಒಳಗೇ ಕೂತಿತು. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ನೋಡಿದೆ. ಹೋದ ನೀರು ಹೊರಗೆ ಬರಲೇ ಇಲ್ಲ, ಹದಿನೈದು ದಿನಕ್ಕೆ ಬೋಲ್ಟು ತುಕ್ಕು. ಟೈ ರಾಡ್ ಎಂಡಿನ ರಬ್ಬರ್ ಬೂಟ್ ಮಾತ್ರ ತಕ್ಕಮಟ್ಟಿಗೆ ಕೂತಿತು, ಆದರೆ ಕಡ್ಡಿ ಕಲ್ಲು ತಾಗಿದ ಕೂಡಲೇ ಹರಿಯಿತು.

ದಾರಿ ಸಿಕ್ಕಿದ್ದು ಜೆಸಿಬಿ ರಿಪೇರಿ ಮಾಡುವ ಕಡೆ. ಅಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಕಣ್ಣಿಗೆ ಪಿನ್ ಹಾಕುತ್ತಿದ್ದರು. ಒಳಗೆ ಉಕ್ಕಿನ ಮೇಲೆ ಉಕ್ಕು ಉಜ್ಜುವ ಗೋಲಿ ಬೇರಿಂಗ್, ಹೊರಗೆ ಗ್ರೀಸ್ ನಿಪ್ಪಲ್. ದಿನವಿಡೀ ಮಣ್ಣಲ್ಲೇ ಕೆಲಸ. ಗ್ರೀಸ್ ಗನ್ ಹಿಡಿದು ನಾಲ್ಕು ಸಲ ಒತ್ತಿದರೆ ಹಳೇ ಕಪ್ಪು ಗ್ರೀಸು ಮಣ್ಣಿನ ಸಮೇತ ಹೊರಗೆ ಬರುತ್ತದೆ, ಹಿಂದೆಯೇ ಹೊಸದು ಇಣುಕುತ್ತದೆ. ಟೆಫ್ಲಾನ್‌ನಲ್ಲಿ ಹೊಕ್ಕ ಮಣ್ಣು ಹೊಕ್ಕಿದ್ದೇ. ಇದರಲ್ಲಿ ಅದನ್ನು ವಾಪಸ್ ತಳ್ಳಬಹುದು. ನನಗೆ ಬೇಕಾದದ್ದು ಇದೇ ಅಲ್ವಾ?

ಬೇರಿಂಗ್ ಅಂಗಡಿಯಲ್ಲಿ ಜಿಇ 25 ಇಎಸ್ ಅಂತ ಕೇಳಿ ನಾಲ್ಕು ತಂದೆ. ಒಳಗೆ 25, ಹೊರಗೆ 42 ಮಿಲಿಮೀಟರ್. ಸುಮಾರು 600 ರೂಪಾಯಿ. ಇಎನ್ 8 ಉಕ್ಕಿನಲ್ಲಿ ಹೌಸಿಂಗ್ (ಬೇರಿಂಗ್ ಕೂರುವ ಬಳೆ) ಲೇತಿನಲ್ಲಿ ತಿರುಗಿಸಿ ಲಿಂಕಿನ ಪೈಪಿಗೆ ವೆಲ್ಡ್ ಮಾಡಿದೆ. ಇಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿತ್ತು. ಒಂದು, ಆ ಬೇರಿಂಗ್ ವಾಲುವುದು 7 ಡಿಗ್ರಿ ಮಾತ್ರ. ಒಂದು ಚಕ್ರ ದಿಬ್ಬಕ್ಕೆ ಹತ್ತಿಸಿ, ಇನ್ನೊಂದನ್ನು ಇಳಿಬಿಟ್ಟು ಆ್ಯಂಗಲ್ ಗೇಜ್ ಇಟ್ಟರೆ ನನ್ನ ಲಿಂಕು 13, 14 ಡಿಗ್ರಿ ತಿರುಚುತ್ತಿತ್ತು. ಗೋಲಿ ತಡೆದು ನಿಂತಾಗ ಬ್ರಾಕೆಟ್ಟೇ ಹರಿಯಿತು. ಎರಡು, ಬಿಸಿ ಮಾಡದೆ ವೆಲ್ಡ್ ಮಾಡಿದ್ದಕ್ಕೆ ಇಎನ್ 8 ಹೌಸಿಂಗಿನ ಪಕ್ಕ ಕೂದಲೆಳೆಯಷ್ಟು ಬಿರುಕು.

ಅದೇ ಬೇರಿಂಗಿನ ಅಣ್ಣ ಒಬ್ಬನಿದ್ದಾನೆ. ಹೆಸರಿನಲ್ಲಿ ಇನ್ನೊಂದು ಜಿ ಇರುತ್ತದೆ, ಜಿಇಜಿ 25. ತೂತು ಅದೇ 25, ಹೊರಗಿನದು 47. ಒಳಗಿನ ಗೋಲಿ ಅಗಲ, 28 ಮಿಲಿಮೀಟರ್. ಅದಕ್ಕೇ 17 ಡಿಗ್ರಿ ತನಕ ವಾಲುತ್ತದೆ. ಎರಡು ಮೂರು ಅಂಗಡಿಯವರು "ಎರಡೂ ಒಂದೇ" ಅಂತ ಸಾಧಿಸಿದರು. ಒಂದಲ್ಲ. ಕ್ಯಾಟಲಾಗ್ ತೆಗೆಸಿ ಅಗಲ ನೋಡಿಯೇ ದುಡ್ಡು ಕೊಡಿ. ನನಗೆ 1,300ರ ಆಸುಪಾಸಿಗೆ ಸಿಕ್ಕಿತು.

ಈ ಸಲ ಹೌಸಿಂಗಿಗೆ ಎಸ್‌ಟಿ 52 ದಪ್ಪ ಪೈಪ್ ತೆಗೆದುಕೊಂಡೆ. ಹೈಡ್ರಾಲಿಕ್ ಸಿಲಿಂಡರ್ ಮಾಡುವ ಮಾಲು, ವೆಲ್ಡಿಗೆ ಚೆನ್ನಾಗಿ ಒಗ್ಗುತ್ತದೆ. ಬೋರಿನಲ್ಲಿ (ಬೇರಿಂಗ್ ಕೂರುವ ತೂತಿನಲ್ಲಿ) ಅರ್ಧ ಮಿಲಿಮೀಟರ್ ಬಿಟ್ಟು ಲಿಂಕಿಗೆ ವೆಲ್ಡ್ ಮಾಡಿದೆ. ಒಂದು ರಾತ್ರಿ ತಣ್ಣಗಾಗಲು ಬಿಟ್ಟು, ಆಮೇಲೆ ಲಿಂಕಿನ ಸಮೇತ ಬೋರಿಂಗ್ ಮೆಷಿನ್ನಿಗೆ ಕಟ್ಟಿ ಫಿನಿಶ್ ಮಾಡಿಸಿದೆ. ವೆಲ್ಡಿಗೆ ಮೊದಲೇ ಪೂರ್ತಿ ಬೋರ್ ಮಾಡಿದರೆ ಹೌಸಿಂಗ್ ಮೊಟ್ಟೆ ಆಕಾರ ಆಗುತ್ತದೆ, ಬೇರಿಂಗ್ ಬಿಗಿಯುತ್ತದೆ. ಹಾಸನದಲ್ಲಿ ಇದನ್ನು ಮಾಡಿಕೊಡಲು ಒಬ್ಬರೇ ಒಪ್ಪಿದ್ದು, ಒಂದು ಲಿಂಕಿಗೆ 700 ತೆಗೆದುಕೊಂಡರು. ಆ ದುಡ್ಡು ಕೊಟ್ಟದ್ದಕ್ಕೆ ಬೇಜಾರಿಲ್ಲ.

ನನ್ನ ತಪ್ಪು ಅಂದೆನಲ್ಲ, ಅದು ಇಲ್ಲೇ ಆಯಿತು. ಈ ಬೇರಿಂಗಿನ ಹೊರಬಳೆ ಒಂದು ಕಡೆ ಸೀಳಿರುತ್ತದೆ. ಬೆಳಕಿಗೆ ತಿರುಗಿಸಿ ನೋಡಿದರೆ ಅಡ್ಡಕ್ಕೆ ಒಂದು ಸಣ್ಣ ಗೆರೆ, ಉಗುರು ಆಡಿಸಿದರೆ ತಾಗುತ್ತದೆ. ಒಳಗಿನ ಗೋಲಿಯನ್ನು ಕೂರಿಸಲು ಬೇರಿಂಗ್ ಕಂಪನಿಯವರೇ ಹಾಗೆ ಸೀಳುತ್ತಾರೆ. ಆ ಗೆರೆ ಲಿಂಕು ಎಳೆಯುವ ದಿಕ್ಕಿಗೆ ಬರಬಾರದು. ಅದಕ್ಕೆ 90 ಡಿಗ್ರಿಗೆ ಇರಬೇಕು, ಅಂದರೆ ಲಿಂಕು ಮಲಗಿದ್ದರೆ ಗೆರೆ ಮೇಲೆ ಅಥವಾ ಕೆಳಗೆ. ಮೂರು ಸರಿಯಾಗಿ ಕೂತಿದ್ದವು. ನಾಲ್ಕನೆಯದನ್ನು ರಾತ್ರಿ ಹನ್ನೊಂದಕ್ಕೆ ಪ್ರೆಸ್ ಮಾಡಿದೆ, ಗೆರೆ ನೋಡಲಿಲ್ಲ. ಒಂದೇ ಮಳೆಗಾಲಕ್ಕೆ ಅದರಲ್ಲಿ ಪ್ಲೇ ಬಂತು. ಬಿಚ್ಚಿದಾಗ ಗೆರೆ ನೇರ ಎಳೆತದ ದಿಕ್ಕಿನಲ್ಲೇ ಇತ್ತು. ಈಗ ಹೌಸಿಂಗಿನ ಮೇಲೆ ಸೆಂಟರ್ ಪಂಚಿನಿಂದ ಚುಕ್ಕೆ ಹಾಕಿ ಅದಕ್ಕೆ ಗೆರೆ ಹೊಂದಿಸಿಯೇ ಒತ್ತುತ್ತೇನೆ. ಒತ್ತುವಾಗ ಹೊರಬಳೆಗೆ ಮಾತ್ರ ಒತ್ತು ಬೀಳಬೇಕು, ಗೋಲಿಗಲ್ಲ.

ಬೋಲ್ಟು ಎಂ 20, ಗ್ರೇಡ್ 10.9, ಎರಡು ಪಟ್ಟಿಯ ನಡುವೆ. ಗೋಲಿಯ 25ರ ತೂತಿಗೆ ಎರಡು ಕಡೆಯಿಂದ ಟೋಪಿ ಆಕಾರದ ಸ್ಪೇಸರ್. ಬೋಲ್ಟು ಬಿಗಿದಾಗ ಗೋಲಿ, ಸ್ಪೇಸರ್, ಬ್ರಾಕೆಟ್ ಒಂದೇ ತುಂಡಿನ ಹಾಗೆ ಹಿಡಿಯಬೇಕು. ತಿರುಗಾಟವೆಲ್ಲ ಗೋಲಿ ಮತ್ತು ಹೊರಬಳೆಯ ನಡುವೆ ಮಾತ್ರ, ಬೋಲ್ಟಿನ ಮೇಲೆ ಯಾವುದೂ ತಿರುಗಬಾರದು. ಗೆಳೆಯನೊಬ್ಬ ಸ್ಟೇರಿಂಗ್ ಲಿಂಕಿಗೆ ರಾಡ್ ಎಂಡ್ ಹಾಕಿ ಒಂದೇ ಕಡೆ ಬೋಲ್ಟು ಕೊಟ್ಟಿದ್ದ, ಹೊರಗೆ ದೊಡ್ಡ ವಾಷರ್ ಕೂಡ ಇಲ್ಲ. ಗೋಲಿ ಕಳಚಿದರೆ ಸ್ಟೇರಿಂಗೇ ಇಲ್ಲ. ಅವತ್ತೇ ಕೂತು ಬಿಚ್ಚಿಸಿದೆ. ಸ್ಟೇರಿಂಗಿಗೆ ನಾನು ಕಂಪನಿಯ ಟೈ ರಾಡ್ ಎಂಡೇ ಇಟ್ಟಿದ್ದೇನೆ. ಟೇಪರ್, ಕಾಟರ್ ಪಿನ್, ಅದಕ್ಕಿಂತ ನಂಬಿಕೆಯ ಜಾಯಿಂಟ್ ಇಲ್ಲ.

ಲಿಂಕಿನ ಇನ್ನೊಂದು ತುದಿಗೆ ರಬ್ಬರ್. ಲಾರಿಯ ಟಾರ್ಕ್ ರಾಡ್ ಬುಷ್, ಸ್ವಲ್ಪ ತಿರುಗಿಸಿ ಚಿಕ್ಕದು ಮಾಡಿದ್ದು. ಯಾವ ಲಾರಿಯದು ಅಂತ ಹೇಳುವುದಿಲ್ಲ, ಅದು ನನ್ನ ಅನ್ನ. ಎಲ್ಲರೂ ಸದ್ದು ಬರಬಾರದು ಅಂತ ರಬ್ಬರನ್ನು ಚಾಸಿ ಕಡೆ ಹಾಕುತ್ತಾರೆ. ನಾನು ತಿರುವುಮುರುವು ಮಾಡಿದೆ. ಗೋಲಿ ಚಾಸಿ ಕಡೆ, ನೀರಿಗಿಂತ ಮೇಲೆ. ರಬ್ಬರ್ ಆಕ್ಸಲ್ ಕಡೆ, ಕೆಸರಿನಲ್ಲಿ. ಕೆಸರಿನಿಂದ ರಬ್ಬರಿಗೆ ಏನೂ ಆಗುವುದಿಲ್ಲ, ಗೋಲಿಗೆ ಆಗುತ್ತದೆ. ಸದ್ದು ಬರುವುದು ಪ್ಲೇ ಇದ್ದರೆ ಮಾತ್ರ. ಮೇಸ್ತ್ರಿ ಬಂದು ಕೂತು ನೋಡಿದಾಗ ಇದನ್ನೇ ಮೊದಲು ಕೇಳಿದರು. ಹಾರೆ ಅವರ ಕೈಗೇ ಕೊಟ್ಟೆ. ಈಗ ಅವರ ಗಿರಾಕಿಯ ಎರಡು ಜೀಪಿಗೆ ನಾನೇ ಲಿಂಕು ಮಾಡುತ್ತಿದ್ದೇನೆ.

ಗ್ರೀಸ್ ಮಳೆಗಾಲದಲ್ಲಿ ಪ್ರತಿ ಶನಿವಾರ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಮೂರು ಜಾತಿ ನೋಡಿದೆ. ನಾನು ಹಾಕಿದ ಮಾಮೂಲಿ ಚಾಸಿ ಗ್ರೀಸ್ ನೀರಿಗೆ ತೊಳೆದುಹೋಯಿತು. ಮಾಲಿ (ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿ) ಇರುವುದು ಬೇಕು. ಅದಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ, ಅದು ಇರಲಿ.

ಕೊನೆಯ ಈ ಸೆಟ್ಟಿಗೆ ಬೇರಿಂಗ್, ಪೈಪ್, ಲೇತ್ ಕೆಲಸ, ಬುಷ್ ಎಲ್ಲ ಸೇರಿ 19,000 ಆಗಿರಬೇಕು. ಅದಕ್ಕೆ ಮುಂಚೆ ಕಳೆದದ್ದು 55 ಸಾವಿರಕ್ಕೆ ಕಮ್ಮಿ ಇಲ್ಲ. ಇನ್ನೊಂದು ಮಾತು, ಈ ಜೀಪು ತೋಟದೊಳಗೆ ಮಾತ್ರ ಓಡುತ್ತದೆ. ಹೊರಗೆ ಹೋಗಬೇಕಾದರೆ ಟ್ರಕ್ಕಿನ ಮೇಲೆ. ಗಾಡಿಯ ಮೂಲ ರೂಪ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಗಟ್ಟಿಯಾಗಿ ಹೇಳಿದೆ. ರಸ್ತೆ ಗಾಡಿಗೆ ಮಾಡಿಕೊಡಿ ಅಂತ ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ.

ಸದ್ಯ ಬೇರಿಂಗ್ ಹಿಡಿಯುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಕೂರುವ ತೋಡಿಗೆ ತುಕ್ಕು ಹತ್ತುತ್ತಿದೆ. ಮೇಲಿನ ಎರಡು ಲಿಂಕಿನಲ್ಲಿ ಜಾಸ್ತಿ, ಅಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಎಲೆ ಕಸ ಕೂತು ನೀರು ನಿಲ್ಲುತ್ತದೆ. ಹೊಸ ಹೌಸಿಂಗುಗಳನ್ನು ಬೋರ್ ಆದ ಮೇಲೆ ಜಿಂಕ್ ಪ್ಲೇಟಿಂಗಿಗೆ ಕೊಟ್ಟಿದ್ದೇನೆ. ಲೇಪದ ದಪ್ಪಕ್ಕೆ ಬೋರಿನಲ್ಲಿ ಎಷ್ಟು ಬಿಡಬೇಕು ಅಂತ ಎರಡು ತುಂಡಿನಲ್ಲಿ ಬೇರೆ ಬೇರೆ ಅಳತೆ ಇಟ್ಟು ನೋಡುತ್ತಿದ್ದೇನೆ. ಮುಂದಿನ ವಾರ ಬರುತ್ತವೆ.