ಒಂದೇ ಟೆಸ್ಟು, ಮೂರು ಡೇಟಾಬೇಸು: ನಿಮ್ಮ ಲೈಬ್ರರಿನ ಚೆಕ್ ಮಾಡೋದು ಹೇಗೆ

ಕಾಫಿ ಮೂಟೆ ಲೆಕ್ಕ ಇಡೋಕೆ ಒಂದು ಪೈಥಾನ್ ಲೈಬ್ರರಿ ಬರೆದಿದೀರ ಅಂತ ಇಟ್ಕೊಳಿ. ನಿಮ್ಮ ಲ್ಯಾಪ್‌ಟಾಪಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಮೇಲೆ ಎಲ್ಲಾ ಪಾಸು, ಆದ್ರೆ ಸಕಲೇಶಪುರದ ಎಸ್ಟೇಟಲ್ಲಿರೋದು ಮೈಎಸ್‌ಕ್ಯೂಎಲ್, ಹಾಸನದ ವ್ಯಾಪಾರಿ ಹತ್ರ ಪೋಸ್ಟ್‌ಗ್ರೆಸ್. ಈಗ 75 ಕೆಜಿನ 50ರ ಮೂಟೆಗೆ ಭಾಗಿಸಿ ನೋಡಿ. ಎರಡೂ ಇಂಟೀಜರ್ (ಪೂರ್ಣಾಂಕ) ಆಗಿದ್ರೆ ಎಸ್‌ಕ್ಯೂಲೈಟು, ಪೋಸ್ಟ್‌ಗ್ರೆಸ್ಸು 1 ಅಂತವೆ, ಮೈಎಸ್‌ಕ್ಯೂಎಲ್ 1.5 ಅನ್ನುತ್ತೆ. ಅರ್ಧ ಮೂಟೆ ಎಲ್ಲೋಯ್ತಪ್ಪ ಅಂತ ಸಾಹುಕಾರ್ರು ಕೇಳೋಕೆ ಮುಂಚೆ ನಾವೇ ಕಂಡುಹಿಡಿಬೇಕಲ್ವಾ.

ಮೊದಲ್ನೇ ಕೆಲಸ, ಟೆಸ್ಟ್ ಕೋಡಲ್ಲಿ ಯಾವ ಡೇಟಾಬೇಸಿನ ಹೆಸರೂ ಇರಬಾರದು. ಕನೆಕ್ಷನ್ ಯುಆರ್‌ಎಲ್ ಎನ್ವಿರಾನ್ಮೆಂಟ್ ವೇರಿಯೇಬಲ್‌ನಿಂದ (ಕೋಡಿನ ಹೊರಗಿಡೋ ಸೆಟ್ಟಿಂಗಿಂದ) ಬರ್ಲಿ, ಪೈಟೆಸ್ಟ್ ಫಿಕ್ಸ್ಚರ್ (ಪೈಟೆಸ್ಟ್ ಅನ್ನೋ ಟೆಸ್ಟ್ ಟೂಲಲ್ಲಿ ಟೆಸ್ಟಿಗೆ ಮುಂಚೆ, ಆಮೇಲೆ ಓಡೋ ಕೋಡು) ಅದನ್ನ ಓದಿ ಟೇಬಲ್ ಕಟ್ಟಲಿ, ಮುಗಿದ್ಮೇಲೆ ಡ್ರಾಪ್ ಮಾಡ್ಲಿ. ರೋಲ್‌ಬ್ಯಾಕ್ (ಮಾಡಿದ ಬದಲಾವಣೆ ರದ್ದು) ಮಾಡಿದ್ರೆ ಎಲ್ಲಾ ಕ್ಲೀನ್ ಆಗುತ್ತೆ ಅಂತ ನಂಬ್ಕೋಬೇಡಿ, ಪೋಸ್ಟ್‌ಗ್ರೆಸ್ಸಲ್ಲಿ ಟೇಬಲ್ ಕಟ್ಟಿದ್ದೂ ವಾಪಸ್ ಹೋಗುತ್ತೆ, ಮೈಎಸ್‌ಕ್ಯೂಎಲಲ್ಲಿ ಕ್ರಿಯೇಟ್ ಟೇಬಲ್ ಅಂದ ತಕ್ಷಣ ಅದೇ ಕಮಿಟ್ (ಬದಲಾವಣೆ ಕಾಯಂ) ಮಾಡ್ಬಿಡುತ್ತೆ.

ಆಮೇಲೆ ಡಾಕರ್, ಅಂದ್ರೆ ಡೇಟಾಬೇಸ್ ಸರ್ವರನ್ನ ಕಂಟೇನರ್ ಅನ್ನೋ ಬೇರೆ ಡಬ್ಬಿಯೊಳಗೆ ಓಡಿಸೋ ಟೂಲು. ಮಳೆಗಾಲದಲ್ಲಿ ಮಲೆನಾಡು ಕಡೆ ನೆಟ್ ಹೇಗಿರುತ್ತೆ ಅಂತ ಗೊತ್ತಲ್ಲ, ಹಾಸನಕ್ಕೆ ಬಂದಾಗ್ಲೇ ಇಮೇಜ್ (ಕಂಟೇನರ್ ಕಟ್ಟೋಕೆ ಬೇಕಾದ ರೆಡಿ ಪ್ಯಾಕೇಜು) ಇಳಿಸಿಟ್ಕೊಳಿ, ಲೇಟೆಸ್ಟ್ ಅನ್ನೋ ಟ್ಯಾಗ್ ಬೇಡ, ಗಿರಾಕಿ ಹತ್ರ ಯಾವ ವರ್ಷನ್ ಇದೆಯೋ ಅದೇ ತಗೊಳಿ. ಪೋರ್ಟ್ ನಂಬರ್ ಪೋಸ್ಟ್‌ಗ್ರೆಸ್‌ಗೆ 5432, ಮೈಎಸ್‌ಕ್ಯೂಎಲ್‌ಗೆ 3306. ಮೈಎಸ್‌ಕ್ಯೂಎಲ್‌ಗೆ ಲೋಕಲ್‌ಹೋಸ್ಟ್ ಅಂತ ಕೊಟ್ರೆ ಅದರ ಕ್ಲೈಂಟ್ ಲಿನಕ್ಸಲ್ಲಿ ಸಾಕೆಟ್ ಫೈಲ್ (ಅದೇ ಮಿಷಿನ್ನೊಳಗೆ ಕನೆಕ್ಟ್ ಆಗೋ ಫೈಲು) ಹುಡುಕ್ಕೊಂಡು ಹೋಗುತ್ತೆ, ಕಂಟೇನರ್ ಸಿಗಲ್ಲ, 127.0.0.1 ಅಂತಲೇ ಬರೀರಿ. ಇನ್ನೊಂದು, ಆ ಇಮೇಜ್ ಮೊದಲ ಸಲ ಒಳಗೊಳಗೇ ಒಂದು ತಾತ್ಕಾಲಿಕ ಸರ್ವರ್ ಎಬ್ಬಿಸಿ, ನಿಲ್ಲಿಸಿ, ಮತ್ತೆ ಅಸಲಿದನ್ನ ಶುರು ಮಾಡುತ್ತೆ, ಹಂಗಾಗಿ ಇಷ್ಟು ಸೆಕೆಂಡ್ ಕಾಯಿ ಅಂತ ಬರೆಯೋ ಬದ್ಲು ಹೊರಗಿಂದ ಒಂದು ಸೆಲೆಕ್ಟ್ 1 (ಸುಮ್ನೆ 1 ಅಂತ ಉತ್ತರ ಕೊಡೋ ಕ್ವೆರಿ) ಕಳಿಸ್ತಾ ಇರಿ, ಉತ್ತರ ಬಂದ್ಮೇಲೆ ಟೆಸ್ಟ್ ಬಿಡಿ. ಡೇಟಾ ಫೋಲ್ಡರ್‌ನ ಟಿಎಂಪಿಎಫ್‌ಎಸ್‌ಗೆ (ಮೆಮೊರಿಯಲ್ಲೇ ಇರೋ ಫೋಲ್ಡರಿಗೆ) ಹಾಕಿದ್ರೆ ಬೇಗ ಓಡುತ್ತೆ, ಕರೆಂಟ್ ಹೋದ್ರೆ ಡೇಟಾನೂ ಹೋಗುತ್ತೆ, ಟೆಸ್ಟ್ ಡೇಟಾ ತಾನೇ, ಹೋಗ್ಲಿ ಬಿಡಿ.

ನಿಜವಾದ ಮಜಾ ಇರೋದು ಬೇಕಂತಲೇ ಜಗಳ ಹಚ್ಚೋ ಟೆಸ್ಟ್‌ಗಳಲ್ಲಿ. ತೂಕ ಇನ್ನೂ ಹಾಕದ ಮೂಟೆಗೆ ನಲ್ (ಖಾಲಿ ಅನ್ನೋ ಗುರುತು) ಇಟ್ಟು ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿ: ಪೋಸ್ಟ್‌ಗ್ರೆಸ್ ಅದನ್ನ ಕೊನೆಗೆ ತಳ್ಳುತ್ತೆ, ಉಳಿದೆರಡು ಮೊದಲೇ ತಂದು ಕೂರಿಸ್ತವೆ. ಇಲ್ಲದೇ ಇರೋ ತೋಟದ ಐಡಿಗೆ ಮೂಟೆ ಸೇರಿಸಿ, ಎಸ್‌ಕ್ಯೂಲೈಟ್ ಸುಮ್ಮನೆ ಒಪ್ಕೊಂಡ್ರೆ ಫಾರಿನ್ ಕೀ ಪ್ರಾಗ್ಮಾ (ಆ ಐಡಿ ಇನ್ನೊಂದು ಟೇಬಲಲ್ಲಿ ಇದೆಯಾ ಅಂತ ನೋಡಿಸೋ ಸೆಟ್ಟಿಂಗು) ಆನ್ ಆಗಿಲ್ಲ ಅಂತಲೇ ಅರ್ಥ, ಅದನ್ನ ಪ್ರತಿ ಕನೆಕ್ಷನ್‌ಗೂ ಆನ್ ಮಾಡ್ಬೇಕು. ಕನ್ನಡ ಹೆಸರು ಹಾಕಿ ಪಾಸಾಯ್ತು ಅಂತ ಯೂನಿಕೋಡ್ ಬಿಡಬೇಡಿ, ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಅಕ್ಷರ ಅಥವಾ ಚಿಹ್ನೆಯ ನಂಬರು) ಯುಟಿಎಫ್-8ರಲ್ಲಿ (ಅದನ್ನ ಬೈಟ್‌ಗಳಲ್ಲಿ ಬರೆಯೋ ವಿಧಾನದಲ್ಲಿ) 3 ಬೈಟ್, ಮೈಎಸ್‌ಕ್ಯೂಎಲಿನ ಹಳೇ 3 ಬೈಟ್‌ವರೆಗೆ ಮಾತ್ರ ಹಿಡಿಸೋ ಯುಟಿಎಫ್8ಎಂಬಿ3 ಗೂ ಸಾಕಾಗುತ್ತೆ, ಒಂದು ಇಮೋಜಿ ಹಾಕಿ, 4 ಬೈಟ್, ಅಲ್ಲಿ ಬಣ್ಣ ಬಯಲಾಗುತ್ತೆ. ಎರರ್ ಬಂದ ಟ್ರಾನ್ಸಾಕ್ಷನಲ್ಲೇ (ಒಟ್ಟಿಗೇ ಕಮಿಟ್ ಅಥವಾ ರದ್ದಾಗೋ ಕೆಲಸಗಳ ಗುಂಪಲ್ಲೇ) ಇನ್ನೊಂದು ಕ್ವೆರಿ ಓಡ್ಸೋ ಟೆಸ್ಟೂ ಇರ್ಲಿ, ಪೋಸ್ಟ್‌ಗ್ರೆಸ್ ರೋಲ್‌ಬ್ಯಾಕ್ ಆಗೋವರೆಗೂ ಜಪ್ಪಯ್ಯ ಅಂದ್ರೂ ಕೇಳಲ್ಲ.

ಸಿಐನಲ್ಲಿ (ಕೋಡ್ ಪುಶ್ ಮಾಡಿದಾಗ ಟೆಸ್ಟ್ ತಾನೇ ಓಡಿಸೋ ಸರ್ವರಲ್ಲಿ) ಮೂರಕ್ಕೂ ಮ್ಯಾಟ್ರಿಕ್ಸ್ (ಅದೇ ಟೆಸ್ಟನ್ನ ಒಂದೊಂದು ಡೇಟಾಬೇಸಿಗೂ ಬೇರೆ ಬೇರೆ ಓಡಿಸೋ ಪಟ್ಟಿ) ಹಾಕಿ, ಫೇಲ್-ಫಾಸ್ಟ್ ಆಫ್ ಮಾಡಿ, ಇಲ್ಲಾಂದ್ರೆ ಒಂದು ಬಿದ್ದ ತಕ್ಷಣ ಉಳಿದವನ್ನೂ ನಿಲ್ಲಿಸ್ಬಿಡುತ್ತೆ. ಡೇಟಾಬೇಸ್ ಸಿಗದಿದ್ರೆ ಟೆಸ್ಟ್ ಸ್ಕಿಪ್ ಮಾಡೋದು ಲ್ಯಾಪ್‌ಟಾಪಲ್ಲಿ ಓಕೆ, ಸಿಐನಲ್ಲಿ ಫೇಲ್ ಆಗ್ಲೇಬೇಕು, ಏನೂ ಓಡದೇ ಬರೋ ಹಸಿರು ಟಿಕ್ಕಿಗಿಂತ ಕೆಂಪೇ ವಾಸಿ. ದಿನಾ ಕೋಡ್ ಬರೆಯುವಾಗ ಎಸ್‌ಕ್ಯೂಲೈಟ್ ಒಂದೇ ಸಾಕು, ಪುಶ್ ಮಾಡೋ ಮುಂಚೆ ಮೂರನ್ನೂ ಓಡ್ಸಿ.