ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದ ಪ್ರಶ್ನೆಗಳು

ಮಂಡ್ಯದಲ್ಲಿ ಒಂದು ಶಾಲೆಯ ಎದುರಿಗೆ ನನ್ನದೊಂದು ಪುಸ್ತಕ, ಪೆನ್ನು, ಜೆರಾಕ್ಸ್ ಅಂಗಡಿ. ಬಾಗಿಲ ಪಕ್ಕ ಕರಿಹಲಗೆ ತೂಗುಹಾಕಿದ್ದೇನೆ. ಮೊದಲು ಅದರಲ್ಲಿ ನೋಟ್‌ಪುಸ್ತಕದ ದರ ಬರೆಯುತ್ತಿದ್ದೆ, ಯಾರೂ ಓದುತ್ತಿರಲಿಲ್ಲ. ಒಂದು ದಿನ ಅದನ್ನು ಅಳಿಸಿ ‘ಟೆನಿಸ್ ಚೆಂಡು ಹಳದಿ ಏಕೆ?’ ಎಂದು ಬರೆದೆ. ಬಸ್ಸಿಗೆ ಓಡುತ್ತಿದ್ದ ಹುಡುಗರು ನಿಂತು ಓದಿದರು. ಮರುದಿನ ಉತ್ತರ ಬರೆದೆ: ಬಣ್ಣದ ಟಿವಿಯಲ್ಲಿ ಬಿಳಿ ಚೆಂಡು ಸರಿಯಾಗಿ ಕಾಣುತ್ತಿರಲಿಲ್ಲವೆಂದು 1972ರಲ್ಲಿ ಹಳದಿ ಬಂತು, ವಿಂಬಲ್ಡನ್ ಮಾತ್ರ 1986ರವರೆಗೆ ಬಿಳಿಯನ್ನೇ ಹಿಡಿದು ಕೂತಿತ್ತು.

ಈಗ ಪ್ರಶ್ನೆ ಕೇಳುವವರು ಅವರೇ. ಚೀಟಿಯಲ್ಲಿ ಬರೆದು ಗಲ್ಲಾದ ಪಕ್ಕದ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಾರೆ. ನನಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದು ಪೆನ್ಸಿಲ್ ಬಹುಮಾನ. ಪೆನ್ಸಿಲ್‌ಗಳು ಬೇಗಬೇಗ ಖಾಲಿಯಾಗುತ್ತವೆ.

ಚೀಟಿ ಸಿಕ್ಕಿದ ಕೂಡಲೇ ಉತ್ತರ ಬರೆಯುವುದಿಲ್ಲ, ಒಂದು ರಾತ್ರಿ ಇಟ್ಟುಕೊಳ್ಳುತ್ತೇನೆ. ಮೊಬೈಲಿನಲ್ಲಿ ಮೊದಲು ಸಿಗುವ ಉತ್ತರ ಬಹಳ ಸಲ ಅರ್ಧ ನಿಜ. ‘ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನವೇ ದೊಡ್ಡದು’ ಎಂಬುದನ್ನೇ ನೋಡಿ. ಸೂರ್ಯನನ್ನು ಸುತ್ತಲು ಅದಕ್ಕೆ 225 ದಿನ, ತನ್ನ ಸುತ್ತ ತಾನು ತಿರುಗಲು 243 ದಿನ, ಅಷ್ಟು ಸರಿ. ಆದರೆ ಅದು ಹಿಮ್ಮುಖವಾಗಿ ತಿರುಗುವುದರಿಂದ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನವೇ ಸಾಕು. ಎರಡನ್ನೂ ಬರೆದೆ. ‘ಹಾಗಾದರೆ ಯಾವುದು ದಿನ?’ ಎಂದು ಮತ್ತೊಂದು ಚೀಟಿ ಬಿತ್ತು.

ಕ್ರಿಕೆಟ್ ಪಿಚ್ ಏಕೆ 22 ಗಜ ಎಂಬ ಪ್ರಶ್ನೆಗೆ ನಾನು ಕೊಟ್ಟ ಮೊದಲ ಉತ್ತರ ಸರಿಯಾಗಿಯೇ ಇತ್ತು, ಆದರೆ ಸಪ್ಪೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ರೂಢಿಗೆ ತಂದ ಭೂಮಾಪನದ ಸರಪಳಿಯ ಉದ್ದ 66 ಅಡಿ, ಅಂದರೆ 22 ಗಜ. ಪಿಚ್ ಸಹ ಅಷ್ಟೇ. ಹುಡುಗರು ಓದಿ ಮುಂದೆ ನಡೆದರು. ಆದರೆ ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ಹಿರಿಯ ರೈತರೊಬ್ಬರು ಹಲಗೆಯ ಮುಂದೆ ನಿಂತುಬಿಟ್ಟರು. ‘ಅರವತ್ತಾರು ಅಡಿ ಎಂದರೆ ಎರಡು ಗುಂಟೆಯ ಉದ್ದ ಅಲ್ಲವೇನಪ್ಪ?’ ಎಂದರು.

ನನಗೆ ಹೊಳೆದೇ ಇರಲಿಲ್ಲ. ಕೆಟ್ಟುಹೋದ ಜೆರಾಕ್ಸ್ ಹಾಳೆಯ ಬೆನ್ನ ಮೇಲೆ ಲೆಕ್ಕ ಹಾಕಿದೆವು. ಗುಂಟೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ: 43,560. ಗಂಟರನ ಸರಪಳಿಯ ಲೆಕ್ಕದಲ್ಲಿ ಹತ್ತು ಚದರ ಸರಪಳಿಗೆ ಒಂದು ಎಕರೆ. 66ನ್ನು 66ರಿಂದ ಗುಣಿಸಿ ಮತ್ತೆ ಹತ್ತರಿಂದ ಗುಣಿಸಿದೆ. ಅದೇ 43,560! ಅವರು ಆ ಹಾಳೆಯನ್ನು ಪಹಣಿಯ ಜೊತೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ನಾನು ಹಲಗೆಯನ್ನು ಅಳಿಸಿ ‘ಎರಡು ಗುಂಟೆ ಅಕ್ಕಪಕ್ಕ ಇಟ್ಟರೆ ಒಂದು ಪಿಚ್ಚಿನ ಉದ್ದ’ ಎಂದು ಬರೆದೆ. ಆ ಭಾನುವಾರ ಹುಡುಗರು ಭತ್ತ ಕೊಯ್ದ ಗದ್ದೆಯಲ್ಲಿದ್ದ ತಮ್ಮ ಪಿಚ್ಚನ್ನು ಟೇಪು ಹಿಡಿದು ಅಳೆದರು. ಆರು ಅಡಿ ಕಡಿಮೆ! ಅವರ ವೇಗದ ಬೌಲರ್‌ನ ಗುಟ್ಟು ಬಯಲಾಯಿತು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಿಂದ ಬರುವ ಹುಡುಗನೊಬ್ಬ, ಹೆಜ್ಜಾರ್ಲೆ ಹಕ್ಕಿ (ಪೆಲಿಕನ್) ತನ್ನ ಕೊಕ್ಕಿನ ಚೀಲದಲ್ಲಿ ಎಷ್ಟು ದಿನ ಮೀನು ಇಟ್ಟುಕೊಳ್ಳುತ್ತದೆ ಎಂದು ಕೇಳಿದ್ದ. ಇಟ್ಟುಕೊಳ್ಳುವುದೇ ಇಲ್ಲ. ಅದು ಚೀಲವಲ್ಲ, ಬಲೆ. ನೀರಿನ ಸಮೇತ ಬಾಚಿ, ನೀರು ಸುರಿಸಿ, ಮೀನನ್ನು ಆಗಲೇ ನುಂಗುತ್ತದೆ. ಮನೆಯ ಹುಣಸೆಮರದಲ್ಲೇ ಗೂಡು ಕಟ್ಟುವ ಹಕ್ಕಿಯ ಬಗ್ಗೆ ನಾನು ಹೇಳಿದ್ದನ್ನು ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ.

ನಾನು ತಪ್ಪಿದ್ದು ಸಂಕ್ರಾಂತಿಯಲ್ಲಿ. ‘ಸಂಕ್ರಾಂತಿಯಿಂದ ಹಗಲು ಹೆಚ್ಚುತ್ತದೆ’ ಎಂದು ಚಿಕ್ಕಂದಿನಿಂದ ಕೇಳಿದ್ದನ್ನೇ ಪರೀಕ್ಷಿಸದೆ ಬರೆದಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಪಂಚಾಂಗ ತಂದು ಗಲ್ಲಾದ ಮೇಲೆ ಬಿಡಿಸಿಟ್ಟಳು. ಸೂರ್ಯೋದಯ, ಸೂರ್ಯಾಸ್ತದ ಸಾಲುಗಳನ್ನು ಕಳೆದು ನೋಡಿದ್ದಳು. ಹಗಲು ಡಿಸೆಂಬರ್ 22ರ ಹೊತ್ತಿಗೇ ಬೆಳೆಯಲು ಶುರುವಾಗಿತ್ತು. ಅವಳು ಹೇಳಿದ್ದೇ ಸರಿ. ಸಂಕ್ರಾಂತಿ ಎಂದರೆ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ದಿನ; ಅದೂ, ಹಗಲು ಬೆಳೆಯಲು ಶುರುವಾಗುವ ಉತ್ತರಾಯಣವೂ ಸುಮಾರು 1,700 ವರ್ಷಗಳ ಹಿಂದೆ ಕೂಡಿ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದು ಈಗ ಇಪ್ಪತ್ತಮೂರು, ಇಪ್ಪತ್ತನಾಲ್ಕು ದಿನವಾಗಿದೆ. ತಪ್ಪು ಸಾಲನ್ನು ಅಳಿಸದೆ ಕೆಂಪು ಸೀಮೆಸುಣ್ಣದಲ್ಲಿ ಹೊಡೆದುಹಾಕಿ, ಕೆಳಗೆ ಸರಿಯಾದದ್ದನ್ನು ಬರೆದೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. ‘ಅಂಕಲ್, ಹಗಲು ಬೆಳೆಯುತ್ತಿದ್ದರೆ ಸೂರ್ಯ ಇನ್ನೂ ತಡವಾಗಿ ಏಕೆ ಹುಟ್ಟುತ್ತಿದ್ದಾನೆ?’ ಪಂಚಾಂಗದಲ್ಲಿ ಹಾಗೆಯೇ ಇತ್ತು. ಪೆನ್ಸಿಲ್ ಕೊಟ್ಟೆ. ಇದಕ್ಕೆ ಒಂದು ರಾತ್ರಿ ಸಾಲದೆ ಮೂರು ದಿನ ಬೇಕಾಯಿತು. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ ಇರುತ್ತದೆ, ವೇಗವೂ ಹೆಚ್ಚು. ಅದಕ್ಕೆ ಅಕ್ಷದ ಓರೆಯೂ ಸೇರಿ, ಆ ದಿನಗಳಲ್ಲಿ ಒಂದು ನಡುಹಗಲಿನಿಂದ ಇನ್ನೊಂದಕ್ಕೆ 24 ಗಂಟೆಗಿಂತ ಅರ್ಧ ನಿಮಿಷದಷ್ಟು ಹೆಚ್ಚು ಹಿಡಿಯುತ್ತದೆ. ನಡುಹಗಲೇ ದಿನದಿನವೂ ಮುಂದಕ್ಕೆ ಸರಿಯುವಾಗ ಸೂರ್ಯೋದಯವೂ ಅದರ ಜೊತೆ ಸರಿಯುತ್ತದೆ. ಸೂರ್ಯಾಸ್ತ ಇನ್ನೂ ಹೆಚ್ಚು ಸರಿಯುವುದರಿಂದ ಹಗಲು ಬೆಳೆಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಇದು ಜನವರಿಯ ಕೊನೆಯ ಭಾಗದವರೆಗೆ ನಡೆಯುತ್ತದೆ.

ಉತ್ತರ ಹಲಗೆಯಲ್ಲಿ ಹಿಡಿಸಲಿಲ್ಲ, ಅಂಗಡಿಯ ಗೋಡೆಗೂ ಹಬ್ಬಿತು. ಅವಳು ಪ್ರತಿದಿನ ಬಂದು ಅಂದಿನ ಸೂರ್ಯೋದಯದ ಸಮಯವನ್ನು ಅದರ ಕೆಳಗೆ ಬರೆದುಹೋಗುತ್ತಿದ್ದಳು. ಫೆಬ್ರುವರಿಯ ಮೊದಲ ವಾರ ಬಂದವಳು ಬರೆಯದೆ ಸುಮ್ಮನೆ ನಿಂತಳು. ‘ಹಿಂದಕ್ಕೆ ತಿರುಗಿತು ಅಂಕಲ್’ ಎಂದಳು. ಆಮೇಲೆ ಒಂದು ರಬ್ಬರ್ ಕೇಳಿದಳು, ದುಡ್ಡು ಕೊಡಲಿಲ್ಲ.